ಇಂಗಳೇಶ್ವರದ ಹೆಸರು, ಖೊಟ್ಟಿ ನಾಣ್ಯದ ಠಸ್ಸೆ

"ಹೊಲದಾಗ ಸಿಕ್ಕಾವ್ರೀ ಸಾವ್ಕಾರ್ರ. ಯಾರ ಮುಂದೂ ಅನಬ್ಯಾಡ್ರಿ."

ಈ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಹಳೇ ನಾಣ್ಯದ ಹುಚ್ಚಿರುವ ಮನುಷ್ಯನ ಅರ್ಧ ಬುದ್ಧಿ ಅಲ್ಲೇ ಹಾರಿಹೋಗುತ್ತದೆ. ಉಳಿದರ್ಧ ಹಾರಿಸಲು ಮೂರನೇ ಮಾತೊಂದು ಬೇಕು: "ಇಂಗಳೇಶ್ವರದ ಸೀಮಿ ಒಳಗ ಸಿಕ್ಕಾವು."

ಯಾಕೆ ಇಂಗಳೇಶ್ವರ? ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು. ಬಸವಣ್ಣ ಹುಟ್ಟಿದ್ದೇ ಇಲ್ಲಿ ಎನ್ನುವವರೂ ಇದ್ದಾರೆ. ಊರಲ್ಲಿ ಹಳೆಯ ಗುಡಿಗಳಿವೆ, ಶಾಸನಗಳಿವೆ, ಕಲ್ಲಿನ ಮೇಲೆ ವಚನ ಕೊರೆಸಿಟ್ಟ ಶಿಲಾ ಮಂಟಪವಿದೆ. ಇಂಥ ಊರಿನ ಎರೆಮಣ್ಣಿನಲ್ಲಿ ಕುಂಟೆ ಹೊಡೆದಾಗ ಏನೋ ಒಂದು ಸಿಕ್ಕಿತೆಂದರೆ ಯಾರು ನಂಬುವುದಿಲ್ಲ? ಹೊಸದಾಗಿ ಎದ್ದ ಕಾಲನಿಯಲ್ಲಿ ಸಿಕ್ಕಿತೆಂದು ಹೇಳಿದರೆ ಕೇಳುವವನು ನಗುತ್ತಾನೆ. ಇಂಗಳೇಶ್ವರ, ಸಾಲೋಟಗಿ, ಲಕ್ಕುಂಡಿ, ಹಂಪಿ ಎಂದರೆ ನಗುವುದಿಲ್ಲ. ಹಳೆಯ ಊರಿನ ಹೆಸರೇ ಖೊಟ್ಟಿ ನಾಣ್ಯಕ್ಕೆ ಬೀಳುವ ಠಸ್ಸೆ. ಊರಿನ ಜನರಿಗೆ ಇದರಲ್ಲಿ ಒಂದು ಪೈಸೆಯ ಲಾಭವಿಲ್ಲ. ಹೆಸರು ಮಾತ್ರ ಪುಕ್ಕಟೆ ಕೆಡುತ್ತದೆ.

ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವರು. ಅವರ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವಿಸ ಎಂದು ಲೆಕ್ಕ ಬರುತ್ತದೆ. ನಾಣ್ಯ ಅಚ್ಚು ಹಾಕುವ ಜಾಗಕ್ಕೆ ಕಮ್ಮಟ ಎನ್ನುತ್ತಿದ್ದರು. ಲಕ್ಕುಂಡಿಯ ಹೆಸರು ಹೊತ್ತ ಲೊಕ್ಕಿ ಗದ್ಯಾಣಕ್ಕೆ ಆಗ ದೊಡ್ಡ ಮಾನವಿತ್ತು. ಆದ್ದರಿಂದ ನಮ್ಮ ನೆಲದಲ್ಲಿ ಬಂಗಾರದ ನಾಣ್ಯ ಇರಲೇ ಇಲ್ಲ ಎನ್ನುವಂತಿಲ್ಲ. ಮೋಸಗಾರನಿಗೆ ಬೇಕಾದದ್ದು ಇಷ್ಟೇ. ಹತ್ತು ಪಾಲು ನಿಜ ಇಲ್ಲದೆ ಸುಳ್ಳು ನಿಲ್ಲುವುದಿಲ್ಲ.

ಈ ದಂಧೆ ಒಂದೇ ಬಗೆಯದಲ್ಲ, ಮೂರು ನಾಲ್ಕು ಬಗೆಯದು. ಪೈಕಿ ಎಲ್ಲಕ್ಕಿಂತ ದೊಡ್ಡದು 'ಪಾಯಾ ತೆಗೆಯುವಾಗ ಸಿಕ್ಕ' ಬಂಗಾರದ್ದು. ಬಯಲುಸೀಮೆಯ ಹಲವು ಜಿಲ್ಲೆಗಳ ಪೊಲೀಸರಿಗೆ ಇದು ಬಾಯಿಪಾಠವಾಗಿದೆ. ದೂರದ ಊರಿನ ವ್ಯಾಪಾರಿಯೋ, ನಿವೃತ್ತ ನೌಕರನೋ, ನಾಣ್ಯಸಂಗ್ರಹದ ಹವ್ಯಾಸಿಯೋ ಇವರಿಗೆ ಗಿರಾಕಿ. ಫೋನ್ ಮಾಡುವವನು ಬಡವ, ಅಕ್ಷರ ಬಾರದವ, ಹೆದರಿದವ. "ಹಳೀ ಮನಿ ಪಾಯಾ ತಗಿಯೂ ಮುಂದ ತಂಬಿಗಿ ಸಿಕ್ಕೈತ್ರಿ. ನಮಗ ಇದರ ಕಿಮ್ಮತ್ತು ತಿಳಿಯಂಗಿಲ್ಲ. ನೀವು ಬಲ್ಲವರು." ಗಿರಾಕಿ ಬರುತ್ತಾನೆ. ಒಂದೆರಡು ನಾಣ್ಯ ಕೈಗಿಡುತ್ತಾರೆ. "ತಗೊಂಡ ಹೋಗಿ ನಿಮ್ಮ ಪತ್ತಾರಗ ತೋರಸ್ರಿ, ರೊಕ್ಕ ಏನೂ ಬ್ಯಾಡ" ಎನ್ನುತ್ತಾರೆ. ಪತ್ತಾರ ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ಅಸಲಿ ಬಂಗಾರ! ಸುಳ್ಳಲ್ಲ, ಆ ಎರಡು ನಾಣ್ಯ ನಿಜಕ್ಕೂ ಬಂಗಾರದವೇ. ಮುಂದಿನ ವಾರ ಲಕ್ಷಗಟ್ಟಲೆ ರೊಕ್ಕ ಕೊಟ್ಟು ಒಯ್ಯುವ ಗಂಟಿನಲ್ಲಿ ಇರುವುದು ಹಿತ್ತಾಳೆ. ಕೆಲವೊಮ್ಮೆ ಹಿತ್ತಾಳೆಯೂ ಇಲ್ಲ. ಊರ ಹೊರಗೆ ಕರೆಸಿ ರೊಕ್ಕದ ಚೀಲ ಕಸಿದುಕೊಂಡು ಓಡುತ್ತಾರೆ.

ಇಲ್ಲಿ ಒರೆಗಲ್ಲು ಸೋಲಲಿಲ್ಲ ಎಂಬುದನ್ನು ಗಮನಿಸಬೇಕು. ಪತ್ತಾರನದೂ ತಪ್ಪಿಲ್ಲ. ಪರೀಕ್ಷೆ ಮಾಡಿದ ನಾಣ್ಯವೇ ಬೇರೆ, ಕೊಂಡ ನಾಣ್ಯವೇ ಬೇರೆ. ಗಂಟಿಗೆ ತಾನೇ ಕೈ ಹಾಕಿ ತೆಗೆದ ನಾಣ್ಯವನ್ನು ಮಾತ್ರ ನಂಬಬೇಕು ಎಂದು ಕೆಲವರು ಉಪದೇಶ ಮಾಡುತ್ತಾರೆ. ಅದೂ ಕೆಲಸಕ್ಕೆ ಬಾರದು, ಗಂಟೇ ಬದಲಾಗುತ್ತದೆ. ಗುಪ್ತವಾಗಿ ಕೊಳ್ಳಿರಿ ಎಂದವನಿಂದ ಕೊಳ್ಳದಿರುವುದೊಂದೇ ದಾರಿ.

ಇದರಲ್ಲಿ ಟೋಪಿ ಹಾಕಿಸಿಕೊಂಡವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಯಾಕೆ ಕಡಿಮೆ? ಕಾರಣ ಸರಳ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಬ್ರಿಟಿಷರು ಕಾಯ್ದೆ ಮಾಡಿದ್ದರು. ನಮ್ಮ ರಾಜ್ಯಕ್ಕೂ 1962ರ ನಿಧಿ ಕಾಯ್ದೆ ಇದೆ. ನಿಧಿಯೆಂದು ನಂಬಿ ಕದ್ದುಮುಚ್ಚಿ ಕೊಳ್ಳಲು ಹೋದವನು ದೂರು ಬರೆಸುವಾಗ "ನಾನೇನು ಕೊಳ್ಳಲು ಹೋಗಿದ್ದೆ" ಎಂಬುದನ್ನೂ ಬರೆಸಬೇಕಾಗುತ್ತದೆ. ಬಾಯಿ ಕಟ್ಟುತ್ತದೆ. ಮೋಸಗಾರನ ಬಂಡವಾಳ ಹಿತ್ತಾಳೆಯಲ್ಲ, ಗಿರಾಕಿಯ ಈ ಅಂಜಿಕೆ. ಆಸೆ ಒಂದು ಕಡೆ, ಕಾಯ್ದೆ ಇನ್ನೊಂದು ಕಡೆ, ನಡುವೆ ಗಿರಾಕಿ.

ಇದು ದೊಡ್ಡ ಕುಳಗಳ ಮಾತಾಯಿತು. ಜಾತ್ರೆಯಲ್ಲಿ, ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂತವರ ಮುಂದೆ ಮಂಡಿಯೂರುವ ಸಣ್ಣ ಹವ್ಯಾಸಿಯ ಗತಿ ಬೇರೆ. ಅವನು ಕಳೆದುಕೊಳ್ಳುವುದು ಐದು ನೂರು, ಸಾವಿರ. ಆದರೆ ಅದು ತಿಂಗಳ ಸಂಬಳದಲ್ಲಿ ಉಳಿಸಿದ್ದು. ಅವನಿಗೆ ಮಾರುವ ಸರಕುಗಳಲ್ಲಿ ಎಲ್ಲಕ್ಕೂ ಹೆಚ್ಚು ಓಡುವುದು 'ಕಂಪನಿ ನಾಣ್ಯ'. ಒಂದು ಬದಿಗೆ ರಾಮ, ಸೀತೆ, ಹನುಮಂತ; ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ ಅಥವಾ ಅರ್ಧಾಣೆ; ಇಸವಿ 1616, 1717, ಇಲ್ಲವೇ 1818. ಇಸವಿಯ ಅಂಕಿಗಳು ನೋಡಲು ಜೋಡಿಜೋಡಿ, ಬಲು ಚೆಂದ.

1616ನೇ ಇಸವಿಯಲ್ಲಿ ಬಿಜಾಪುರದ ಗಾದಿಯ ಮೇಲೆ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದ್ದ. ಆ ಹೊತ್ತಿನಲ್ಲಿ ಇಂಗ್ಲಿಷರ ರಾಯಭಾರಿ ಥಾಮಸ್ ರೋ ಜಹಾಂಗೀರನ ದರಬಾರಿನಲ್ಲಿ ಕೈಕಟ್ಟಿ ನಿಂತು ವ್ಯಾಪಾರಕ್ಕೆ ಪರವಾನಿಗೆ ಕೇಳುತ್ತಿದ್ದ. ವ್ಯಾಪಾರಕ್ಕೇ ಅಪ್ಪಣೆ ಬೇಡುವವರು ಇಂಗ್ಲಿಷ್ ಅಕ್ಷರದ ಒಂದಾಣೆ ನಾಣ್ಯ ಅಚ್ಚು ಹಾಕಿ ರಾಮಸೀತೆಯರನ್ನು ಕೂರಿಸಿದರು ಎಂದರೆ ನಂಬುವವರಿಗೆ ನಮಸ್ಕಾರ. ಕಂಪನಿ ತನ್ನ ಎಲ್ಲ ಪ್ರಾಂತಗಳಿಗೆ ಒಂದೇ ಬಗೆಯ ರೂಪಾಯಿ ತಂದದ್ದು 1835ರಲ್ಲಿ, ನಾಲ್ಕನೇ ವಿಲಿಯಂ ದೊರೆಯ ಮುಖದೊಡನೆ. ಜೋಡಿ ಅಂಕಿಯ ರಾಮ-ಹನುಮಂತರ ತಾಮ್ರದ ಬಿಲ್ಲೆಗಳು ಚಲಾವಣೆಯ ನಾಣ್ಯವೇ ಅಲ್ಲ, ನಂತರದ ಕಾಲದಲ್ಲಿ ಮಾಡಿ ಮಾರಿದ ಬಿಲ್ಲೆಗಳು. ರಾಮಟಂಕದ ಕಥೆಯೂ ಹತ್ತಿರ ಹತ್ತಿರ ಹೀಗೆಯೇ. ಪಟ್ಟಾಭಿಷೇಕದ ಚಿತ್ರವಿರುವ ಆ ಬಿಲ್ಲೆ ಪೂಜೆಗೆ ಇಡುವಂಥದ್ದು. ಹಳೆಯವೂ ಇವೆ, ನಿನ್ನೆ ಮಾಡಿದವೂ ಇವೆ. ರಾಮನ ಕಾಲದ್ದು ಮಾತ್ರ ಯಾವುದೂ ಇಲ್ಲ.

ಇವೇ ತಾಮ್ರದ ಬಿಲ್ಲೆಗಳು ಒಂದು ಮೆಟ್ಟಿಲು ಮೇಲೇರಿದರೆ 'ಅಕ್ಕಿ ಎಳೆಯುವ ನಾಣ್ಯ' ಆಗುತ್ತವೆ. ಸಿಡಿಲು ಬಡಿದು ತಾಮ್ರ ಇರಿಡಿಯಂ ಆಗಿದೆಯಂತೆ, ವಿದೇಶದ ಸಂಶೋಧನಾ ಸಂಸ್ಥೆ ಕೋಟಿ ಕೊಡುತ್ತದಂತೆ. ಅಕ್ಕಿಕಾಳಿಗೆ ಕಬ್ಬಿಣದ ಪುಡಿ ಮೆತ್ತಿ, ನಾಣ್ಯದ ಹಿಂದೆ ಅಯಸ್ಕಾಂತ ಅಡಗಿಸಿದರೆ ಕಾಳು ಓಡಿಬರದೆ ಏನು ಮಾಡೀತು? ನಿಮ್ಮ ಮನೆಯ ಡಬ್ಬಿಯ ಅಕ್ಕಿ ತಂದು ಎದುರಿಗಿಡಿ, ಆಟ ಅಲ್ಲಿಗೇ ನಿಲ್ಲುತ್ತದೆ. ಇರಿಡಿಯಂ ಎಂಬ ಲೋಹ ಇದೆ, ನಿಜ. ಸಿಡಿಲು ಬಡಿದರೆ ತಾಮ್ರ ಇರಿಡಿಯಂ ಆಗುವುದಿಲ್ಲ, ಇರಿಡಿಯಂ ಅಕ್ಕಿ ಎಳೆಯುವುದೂ ಇಲ್ಲ.

ಇನ್ನು ರಾಣಿ ಛಾಪಾ ಬಂದಾ ರೂಪಾಯಿ. ಈ ಭಾಗದ ಯಾವ ಮನೆಯ ಲಕ್ಷ್ಮಿ ಪೂಜೆಯ ತಟ್ಟೆಯಲ್ಲಿ ಇದು ಇಲ್ಲ? ಬೇಡಿಕೆ ಇದ್ದ ಕಡೆ ಖೊಟ್ಟಿಯೂ ಇರುತ್ತದೆ. ಪುಣ್ಯಕ್ಕೆ ಇದನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಸುಲಭ. ಪತ್ತಾರರ ಹಳೆಯ ತೊಲ ಎಂದರೇ ಈ ರೂಪಾಯಿಯ ತೂಕ, 11.66 ಗ್ರಾಮು. (ಈಗ 10 ಗ್ರಾಮಿಗೇ ತೊಲ ಎನ್ನುವ ರೂಢಿ ಬಂದಿದೆ. ಮಾತಾಡುವಾಗ ಯಾವ ತೊಲ ಎಂದು ಕೇಳಿಕೊಳ್ಳುವುದು ಒಳ್ಳೆಯದು.) 1835ರಿಂದ 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಸವೆದಿದ್ದರೆ ತೂಕ ಚೂರು ಕಡಿಮೆ ಇರಬಹುದು, ಹೆಚ್ಚಂತೂ ಇರಬಾರದು. ಅಚ್ಚುಕಟ್ಟಾಗಿ ಹೊಸದರಂತೆ ಇದ್ದು ಹತ್ತು ಗ್ರಾಮು ತೂಗಿದರೆ ಅದು ಜರ್ಮನ್ ಸಿಲ್ವರಿನ ಮಗ.

ತೂಕವನ್ನೂ ಸರಿಯಾಗಿ ಕೂಡಿಸಿ ಮಾಡುವ ಜಾಣರಿದ್ದಾರೆ. ಅವರಿಗೆ ನೀರಿನ ಮದ್ದು. ನಾಣ್ಯವನ್ನು ಸಣ್ಣ ನೂಲಿನಲ್ಲಿ ಕಟ್ಟಿ, ನೀರೊಳಗೆ ಮುಳುಗಿಸಿ ತೂಗಬೇಕು. ಒಳ್ಳೆಯ ಬೆಳ್ಳಿ ರೂಪಾಯಿ ನೀರಿನಲ್ಲಿ ಕಳೆದುಕೊಳ್ಳುವುದು ಸುಮಾರು 1.13 ಗ್ರಾಮು. ಜರ್ಮನ್ ಸಿಲ್ವರಿನದಾದರೆ ಹೆಚ್ಚುಕಮ್ಮಿ 1.3ರ ಮೇಲೆ ಹೋಗುತ್ತದೆ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಸರಕಾರವೇ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಅದು 1.2ರ ಮೇಲೆ ಚೂರು ಕಳೆದುಕೊಳ್ಳುತ್ತದೆ. ಅದು ಖೊಟ್ಟಿಯಲ್ಲ, ಯುದ್ಧಕಾಲದ ಬಡತನ. ಆ ರೂಪಾಯಿಯ ಅಂಚಿಗೆ ಬರೀ ಗೀರು ಸಾಲದೆಂದು ನಕಲಿಗೆ ಅಂಜಿ ಬೇರೊಂದು ಬಗೆಯ ಕೆತ್ತನೆ ಹಾಕಿದರು. ಅಂಚನ್ನು ಬೆರಳಿನಿಂದ ತಿರುಗಿಸಿ ನೋಡುವ ಅಭ್ಯಾಸ ಇದ್ದವನು ಅಷ್ಟು ಬೇಗ ಮೋಸ ಹೋಗುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ನಾಣ್ಯಕ್ಕೆ ಅಂಚಿನ ನಡುವೆ ಎರಡು ಹೋಳು ಕೂಡಿದ ಗೆರೆ ಇರುತ್ತದೆ. ಅರದಿಂದ ಉಜ್ಜಿ ಅಳಿಸಿದ್ದರೆ ಅರದ ಗೀರು ಇರುತ್ತದೆ.

ಅಯಸ್ಕಾಂತ ಒಂದೇ ಸಾಕು ಎನ್ನುವವರ ಮಾತು ಅರ್ಧ ಸತ್ಯ. ಬೆಳ್ಳಿ ಅಂಟುವುದಿಲ್ಲ, ಸರಿ. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ. ಅತ್ತ 1947ರ ಹುಲಿ ಚಿತ್ರದ ಅಸಲಿ ರೂಪಾಯಿ ನಿಕ್ಕಲ್ಲಿನದು, ಟಪ್ಪಂತ ಅಂಟುತ್ತದೆ. ಅದನ್ನು ಬೆಳ್ಳಿ ಎಂದು ಹೇಳಿ ಮಾರುವವನು ಮೋಸಗಾರ, ನಾಣ್ಯ ಮಾತ್ರ ಸಾಚಾ.

ತುಸು ಓದಿಕೊಂಡ ಹವ್ಯಾಸಿಯನ್ನು ಹಿಡಿಯುವ ಗಾಳವೇ ಬೇರೆ. ಐದನೇ ಜಾರ್ಜನ 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡಿತು. ಗದ್ದಲವಾಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಗೆ ಬಿದ್ದವು, ಉಳಿದವು ಕರಗಿದವು. 1912ರಲ್ಲಿ ಆನೆಗೆ ಸೊಂಡಿಲು ಸರಿಯಾಯಿತು. ಹೀಗಾಗಿ 1911ಕ್ಕೆ ಬೆಲೆ. ಆರನೇ ಜಾರ್ಜನ 1939ರ ರೂಪಾಯಿ ಅದಕ್ಕಿಂತಲೂ ವಿರಳ. 1938ರ ಎಂಟನ್ನು ಕೆರೆದು ಒಂಬತ್ತು ಮಾಡಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಇಲ್ಲಿ ತೂಕ ಸರಿ, ಬೆಳ್ಳಿ ಸರಿ, ಸದ್ದು ಸರಿ, ನೀರಿನ ಪರೀಕ್ಷೆಯೂ ಸರಿ. ಸುಳ್ಳು ಇರುವುದು ಒಂದು ಅಂಕಿಯಲ್ಲಿ. ಗಡಿಯಾರ ರಿಪೇರಿಯವನ ಹತ್ತಿರ ಇರುವ ಕಣ್ಣುಗಾಜು ಹಾಕಿ ಕೊನೆಯ ಅಂಕಿಯ ಸುತ್ತಲಿನ ನೆಲ ನೋಡಬೇಕು. ಅಲ್ಲಿ ಮಾತ್ರ ತಗ್ಗು ಬಿದ್ದಿದ್ದರೆ, ಹೊಳಪು ಬೇರೆ ಇದ್ದರೆ, ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಲೇಸು.

ಆದಿಲ್‌ಶಾಹಿ ನಾಣ್ಯಗಳ ಮಾತು ಬಿಜಾಪುರದವರಿಗೆ ಹೇಳಬೇಕಾದದ್ದೇ. (2014ರಿಂದ ಕಾಗದದ ಮೇಲೆ ವಿಜಯಪುರ, ನಾಣ್ಯದ ಮೇಲೆ ಬಿಜಾಪುರವೇ.) ಜನರ ಕೈಗೆ ಸಿಗುವುದು ಹೆಚ್ಚಾಗಿ ದಪ್ಪನೆಯ, ಅಡ್ಡಾದಿಡ್ಡಿ ತಾಮ್ರದ ತುಂಡುಗಳು. ಎರಡನೇ ಅಲಿ ಆದಿಲ್‌ಶಾಹನ ಕಾಲದ, 1656ರಿಂದ 1672ರ ನಡುವಿನ ಬೆಳ್ಳಿಯ ಲಾರಿ ನಾಣ್ಯ ನೋಡಲು ನಾಣ್ಯದಂತೆಯೇ ಇಲ್ಲ. ತಂತಿಯನ್ನು ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿ ಅಕ್ಷರ ಒತ್ತಿದ್ದು. ತಂತಿ ಮಡಚುವುದು ಯಾರಿಗೆ ಬಾರದು? ಆದ್ದರಿಂದ ಅಲ್ಲಿ ನೋಡಬೇಕಾದದ್ದು ತಂತಿಯನ್ನಲ್ಲ, ಅಕ್ಷರವನ್ನು. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಇಲ್ಲಿ ಮೊಗಲ್ ರೂಪಾಯಿ ಅಚ್ಚಾಯಿತು, ಊರಿಗೆ ದಾರ್-ಉಜ್-ಜಫರ್ ಎಂಬ ಬಿರುದಿನೊಡನೆ. ಇವುಗಳಲ್ಲಿ ಎಲ್ಲೂ ಬಾದಶಹನ ಮುಖವಿಲ್ಲ. ಗೋಲಗುಮ್ಮಟ ನೋಡಲು ಬಂದವರಿಗೆ ಯಾರಾದರೂ ಆದಿಲ್‌ಶಾಹನ ಮುಖವಿರುವ ನಾಣ್ಯ ತೋರಿಸಿದರೆ ಆ ಮುಖ ಮಾರುವವನ ಅಣ್ಣತಮ್ಮಂದಿರದ್ದೇ ಇರಬೇಕು!

ಸುತ್ತಿಗೆಯಿಂದ ಕೈಯಲ್ಲಿ ಹೊಡೆದ ಕಾಲದ ನಾಣ್ಯಕ್ಕೆ ಒಂದು ಗುಣವಿದೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅಕ್ಷರ ಅಂಚಿಗೆ ಬಂದು ಅರ್ಧಕ್ಕೆ ಕಡಿದುಹೋಗುತ್ತದೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಹತ್ತು ನಾಣ್ಯ ಸಾಲಾಗಿ ಇಟ್ಟು ನೋಡಿದಾಗ ಅದೇ ಸೀಳು, ಅದೇ ತಗ್ಗು, ಅದೇ ಓರೆ ಎರಡರಲ್ಲಿ ಕಂಡರೆ ಅವೆರಡೂ ಒಂದೇ ಎರಕದ ಅವಳಿ ಮಕ್ಕಳು. ಈ ಒಂದು ಪರೀಕ್ಷೆಗೆ ತಕ್ಕಡಿ ಬೇಡ, ಗಾಜು ಬೇಡ, ಓದು ಬರಹವೂ ಬೇಡ. ಅದಕ್ಕೇ ಜಾಣ ಮಾರಾಟಗಾರ ಒಮ್ಮೆಗೆ ಒಂದೇ ನಾಣ್ಯ ತೋರಿಸುತ್ತಾನೆ. ಎರಕದ ನಾಣ್ಯದ ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿರುತ್ತವೆ, ಅಕ್ಷರದ ಏಣು ಸೋಪಿನಂತೆ ಕರಗಿರುತ್ತದೆ. ಹಳೆಯ ಸರಾಫರು ಪರೀಕ್ಷಿಸಿ ಒತ್ತಿದ ಸಣ್ಣ ಗುರುತು ಕೆಲವು ಬೆಳ್ಳಿ ನಾಣ್ಯಗಳ ಮೇಲಿರುತ್ತದೆ. ಹವ್ಯಾಸಿಗಳು ಅದನ್ನು ಕಲೆ ಎನ್ನುತ್ತಾರೆ; ಅದು ನೂರಾರು ವರ್ಷದ ಹಿಂದಿನ ಸಾಕ್ಷಿದಾರನ ಸಹಿ. ಅದನ್ನೂ ನಕಲು ಮಾಡಬಹುದೆಂಬುದು ಬೇರೆ ಮಾತು.

ಮಣ್ಣಿನ ಬಣ್ಣ ನಂಬುವಂತಿಲ್ಲ. ತಿಪ್ಪೆಯಲ್ಲಿ ಕೆಲವು ದಿನ ಹೂಳಿದರೆ ನಿನ್ನೆಯ ತಾಮ್ರವೂ ಅಜ್ಜನಂತೆ ಕಾಣುತ್ತದೆ. ಇದಕ್ಕೆ ತದ್ವಿರುದ್ಧ ನಮ್ಮ ಮನೆಗಳಲ್ಲಿ ನಡೆಯುವುದು: ಅಸಲಿ ನಾಣ್ಯ ಸಿಕ್ಕರೆ ಅವ್ವ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ತಿಕ್ಕುತ್ತಾಳೆ. ಇನ್ನೂರು ವರ್ಷದ ಮೈಬಣ್ಣ ಹತ್ತು ನಿಮಿಷಕ್ಕೆ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ನಂತರ ಆ ಅಸಲಿಯನ್ನು ಬಲ್ಲವರು ಖೊಟ್ಟಿ ಎಂದು ಶಂಕಿಸುತ್ತಾರೆ!

ಫೋನಿನ ಮೋಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿಗೆ ಲಕ್ಷಾಂತರ ಕೊಡುತ್ತೇವೆ, ಮೊದಲು ಫೀ ಕಟ್ಟಿ, ಆಮೇಲೆ ತೆರಿಗೆ ಕಟ್ಟಿ ಎಂಬ ಆಟ ಅದು. ರಿಜರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಳ್ಳುತ್ತಾರೆ. ತಾನು ಹಳೆಯ ನಾಣ್ಯ ನೋಟುಗಳ ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಫೀ ಕಮಿಶನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತ್ತು. ಇಲ್ಲಿ ನಾಣ್ಯ ಸಾಚಾ, ಕೊಳ್ಳುವವನು ಖೊಟ್ಟಿ.

ಸೋಜಿಗವೆಂದರೆ ಇದೇ ಜನ ಕಿಸೆಯಲ್ಲಿನ ಅಸಲಿ ನಾಣ್ಯವನ್ನು ದೂರ ತಳ್ಳಿದ್ದು. ಹತ್ತು ರೂಪಾಯಿ ನಾಣ್ಯ "ನಡೆಯಂಗಿಲ್ಲ" ಎಂದು ಕಿರಾಣಿ ಅಂಗಡಿಯಿಂದ ಬಸ್ಸಿನವರೆಗೆ ಜಗಳಗಳಾದವು. ಗೆರೆ ಹತ್ತು ಇದ್ದರೆ ಅಸಲಿ, ಹದಿನೈದಿದ್ದರೆ ಖೊಟ್ಟಿ ಎಂದು ಯಾರೋ ಹಬ್ಬಿಸಿದರು. ಹದಿನಾಲ್ಕು ಬಗೆಯ ಅಚ್ಚುಗಳಿವೆ, ಎಲ್ಲವೂ ಚಲಾವಣೆಯವೇ ಎಂದು 2018ರ ಜನವರಿಯಲ್ಲಿ ರಿಜರ್ವ್ ಬ್ಯಾಂಕು ಸ್ಪಷ್ಟಪಡಿಸಿದರೂ ಅನುಮಾನ ಬೇಗ ಹೋಗಲಿಲ್ಲ. ಸರಕಾರ ಅಚ್ಚು ಹಾಕಿದ ಹತ್ತು ರೂಪಾಯಿ ಖೊಟ್ಟಿ, ಜಾತ್ರೆಯ 1616 ಮಾತ್ರ ಅಪ್ಪಟ!

ಕಾಯ್ದೆಯ ದೃಷ್ಟಿಯಲ್ಲಿ ಇವೆರಡರ ನಡುವೆ ಅಂತರವಿದೆ. ಚಲಾವಣೆಯ ನಾಣ್ಯದ ನಕಲು ಮಾಡುವುದು ಈಗಿನ ನ್ಯಾಯ ಸಂಹಿತೆಯ 178ನೇ ಕಲಮಿನ ಭಾರಿ ಅಪರಾಧ. ಗದ್ಯಾಣದ್ದೋ ವರಹದ್ದೋ ನಕಲು ಮಾಡಿ 'ಶೋಪೀಸು' ಎಂದು ಮಾರಿದರೆ ಆ ಕಲಮು ತಾಗುವುದು ಕಷ್ಟ. ಅದನ್ನು ಅಸಲಿ ಎಂದು ಹೇಳಿ ರೊಕ್ಕ ಎಣಿಸಿಕೊಂಡಾಗ ವಂಚನೆ, ಅಂದರೆ ಹಳೆಯ 420, ಈಗಿನ 318. ಅಪರಾಧ ಇರುವುದು ಲೋಹದಲ್ಲಲ್ಲ, ಮಾತಿನಲ್ಲಿ. ಮಾತಿಗೆ ಸಾಕ್ಷಿ ಬೇಕು. ಆದ್ದರಿಂದ ಕೊಳ್ಳುವವನು ರಸೀದಿಯಲ್ಲಿ ನಾಣ್ಯದ ಹೆಸರು, ಇಸವಿ, ಲೋಹ, ತೂಕ ಬರೆಸಿಕೊಳ್ಳಬೇಕು. "ಖೊಟ್ಟಿ ಆದರ ವಾಪಸ್ ತಗೋತೀನಿ" ಎಂದು ಬರೆದುಕೊಡದವನ ನಾಣ್ಯಕ್ಕೆ ಬೇರೆ ಪರೀಕ್ಷೆಯೇ ಬೇಕಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಅದನ್ನು ಮಾರುವ ವ್ಯಾಪಾರಿಗೆ ಲೈಸೆನ್ಸು ಬೇಕು ಎಂಬುದೂ ನೆನಪಿರಲಿ.

ಇಷ್ಟಾದರೂ ಇಂಗಳೇಶ್ವರದ ರೈತನ ಪ್ರಶ್ನೆ ಉಳಿಯುತ್ತದೆ. ನಾಳೆ ನಿಜವಾಗಿಯೂ ಹರಗುವಾಗ ಒಂದು ತಂಬಿಗೆ ಸಿಕ್ಕಿತೆಂದುಕೊಳ್ಳಿ. ತಹಶೀಲ್ದಾರರ ಕಚೇರಿಗೆ ಹೋದರೆ ಪಂಚನಾಮೆ, ಹೇಳಿಕೆ, ಅಲೆದಾಟ ಎಂಬ ಅಂಜಿಕೆ. "ಇನ್ನೂ ಎಷ್ಟು ಮುಚ್ಚಿಟ್ಟೀ?" ಎಂದು ಕೇಳಿದರೆ ಏನು ಹೇಳುವುದು? ಪತ್ತಾರನ ಮೂಸೆ ಹತ್ತಿರ, ಕಚೇರಿ ದೂರ. ಹೀಗೆ ಅಸಲಿ ನಾಣ್ಯ ಕರಗಿ ಮೂಗುತಿಯಾಗುತ್ತದೆ, ನಕಲಿ ನಾಣ್ಯ ಇಂಗಳೇಶ್ವರದ ಹೆಸರು ಹೇಳಿಕೊಂಡು ಸಂತೆಗೆ ಬರುತ್ತದೆ. ಸಿಕ್ಕದ್ದನ್ನು ತಂದವನಿಗೆ ಕುರ್ಚಿ ಕೊಟ್ಟು ಕೂರಿಸಿ, ಕಾಯ್ದೆಯಂತೆ ಅವನಿಗೆ ಬರುವುದೇನು ಎಂದು ಕನ್ನಡದಲ್ಲಿ ತಿಳಿಹೇಳುವ ಒಬ್ಬ ಗುಮಾಸ್ತ ತಾಲ್ಲೂಕು ಕಚೇರಿಯಲ್ಲಿದ್ದರೆ ಅರ್ಧ ಕೆಲಸವಾದೀತು. ಪ್ರಾಚ್ಯವಸ್ತು ಇಲಾಖೆಯವರು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಒಂದು ಮೇಜು ಹಾಕಿ ಕೂತು, ಜನ ತಂದ ನಾಣ್ಯ ನೋಡಿ ಅಸಲಿ ನಕಲಿ ಹೇಳಿದರೆ ಖರ್ಚು ಎಷ್ಟಾದೀತು? ಸಂಬಂಧಪಟ್ಟವರು ಯೋಚಿಸಬೇಕು.

ಅಲ್ಲಿಯವರೆಗೆ ಹವ್ಯಾಸಿಗಳಿಗೆ ಇರುವುದು ಎರಡು ಆಸರೆ. ಒಂದು, ಡಾ. ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದಂಥ ಪುಸ್ತಕಗಳು. ಒಳ್ಳೆಯ ಗ್ರಂಥಾಲಯಗಳಲ್ಲಿ ಕೇಳಿದರೆ ಸಿಗಬಹುದು. ಎರಡು, ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ. ಅಲ್ಲಿ ಅಸಲಿ ನಾಣ್ಯಗಳಿವೆ. ಗಾಜಿನ ಹಿಂದಿದ್ದರೂ ಅರ್ಧ ತಾಸು ಕಣ್ಣು ನೆಟ್ಟು ನೋಡಿದವನಿಗೆ ಸಂತೆಯ ನಾಣ್ಯ ಬೇರೆಯಾಗಿಯೇ ಕಾಣುತ್ತದೆ. ಶುಕ್ರವಾರ ಬಾಗಿಲು ಹಾಕಿರುತ್ತದೆ, ಬಾಗೇವಾಡಿಯಿಂದ ಬಸ್ಸು ಹತ್ತುವವರು ದಿನ ನೋಡಿಕೊಂಡು ಹೋಗಬೇಕು.